ಟುಯಿಗೆ ಮಾತು ಕೊಟ್ಟದ್ದು

ಬೆಟ್ಟಗಳಿಗೆ ಇನ್ನೂ ಕಿವಿಯಿದ್ದ ಕಾಲದಲ್ಲಿ ಮಾತೇ ಆಡದ ಒಬ್ಬ ಮುದುಕನಿದ್ದನಂತೆ, ಅವನಿಗೊಂದು ಬೊಗಳದ ನಾಯಿಯಿತ್ತಂತೆ. ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ಮುದುಕ ನನ್ನ ಅಜ್ಜ ಹೇನರೆ. ನಾಯಿ ಟುಯಿ. ಕಾಡೆಲ್ಲ ಕೇಳುವಂತೆ ಕೂಗುವ ಹಕ್ಕಿಯ ಆ ಹೆಸರನ್ನು ಇಟ್ಟವಳೂ ಅಜ್ಜಿಯೇ.

ವೈಆಪು ನದಿಯ ಮೇಲಿನ ನಮ್ಮ ಗುಡ್ಡಗಳಲ್ಲಿ ಕುರಿ ಅಟ್ಟುವ ನಾಯಿಗೆ ಕಾಲಿಗಿಂತ ಗಂಟಲು ಮುಖ್ಯ. ಈಚೆ ನಿಂತು ಬೊಗಳಿದರೆ ಕಣಿವೆಯಾಚೆಯ ಮಂದೆ ಇಳಿಯಬೇಕು. ಟುಯಿಗೆ ವರ್ಷ ತುಂಬಿದರೂ ಒಂದು ಸದ್ದಿಲ್ಲ.

"ಇದಕ್ಕೆ ಮಾತು ಕೊಡ್ತೀನಿ ಅಂತ ನಂಗೆ ಮಾತು ಕೊಡು, ಮುದುಕಾ," ಅಂದಿದ್ದಳು ಅಜ್ಜಿ, ಕೊನೆಯ ವಾರದಲ್ಲಿ. ಅಜ್ಜ ತಲೆಯಾಡಿಸಿದ್ದ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ಅಜ್ಜನ ಮಗ ರಾವಿರಿ ಮಾವ ಟುಯಿಯನ್ನು ಕಟ್ಟಿಹಾಕಿ ಮೂಗಿನ ಮುಂದೆ ಮಾಂಸ ಹಿಡಿದ. ಅದು ಜೊಲ್ಲು ಸುರಿಸಿತು, ಅಷ್ಟೇ. ಅತ್ತೆ ತಗಡಿನ ಡಬ್ಬ ಬಡಿದಳು. ಮಂಚದಡಿ ಸೇರಿತು. ನಾನು ಮುದ್ದು ಮಾಡಿ ಬಿಸ್ಕತ್ತು ಹಾಕಿದೆ. ದಪ್ಪಗಾಯಿತು.

"ಶನಿವಾರ ಮಂದೆ ಇಳಿಸೋದು. ಅವತ್ತೂ ಬಾಯಿ ಬಿಡದಿದ್ರೆ ಪೇಟೆಯವ್ರಿಗೆ ಕೊಟ್ಬಿಡೋಣ ಅಪ್ಪಾ, ಸೋಫಾ ಮೇಲೆ ಸುಖವಾಗಿರ್ಲಿ," ಅಂದ ಮಾವ.

"ಹಳಬರು ಹೇಗೆ ಕಲಿಸ್ತಿದ್ರು ಮಾವ?"

"ತಾವೇ ಬೊಗಳಿ! ಯಜಮಾನ ಬೊಗಳಿದ್ರೆ ನಾಯಿ ಬೊಗಳುತ್ತೆ. ನಿಮ್ಮಜ್ಜ ಬೊಗಳ್ತಾನಾ? ಮದುವೇಲಿ 'ಹೂಂ' ಅನ್ಸೋಕೇ ಅಮ್ಮ ಮೊಣಕೈಲಿ ತಿವೀಬೇಕಾಯ್ತಂತೆ!"

ಅಜ್ಜ ಟೀ ಲೋಟದೊಳಗೆ ನೋಡುತ್ತ ಕೂತ.

ಶನಿವಾರ ಕುರಿಗಳು ಆಚೆ ಗುಡ್ಡದಲ್ಲಿ, ಅಜ್ಜಿಯ ಸಮಾಧಿಯ ಬೇಲಿಯ ಪಕ್ಕ, ಕಲ್ಲಿನಂತೆ ನಿಂತುಬಿಟ್ಟವು. ನೆರೆಯವರೆಲ್ಲ ಸಾಲಾಗಿ ನೋಡುತ್ತಿದ್ದರು. ಟುಯಿ ಮಾತ್ರ ಕುರಿಗಳನ್ನಲ್ಲ, ಅಜ್ಜನ ಮುಖವನ್ನೇ ನೋಡುತ್ತಿತ್ತು. ಪೇಟೆಗೆ ಒಯ್ಯಲು ಅದನ್ನು ಕಟ್ಟೋಣವೆಂದು ಮಾವ ಹಗ್ಗ ಕೈಗೆತ್ತಿಕೊಂಡ.

ಅಜ್ಜ ಟೊಪ್ಪಿ ಕಳಚಿ ನನ್ನ ಕೈಗಿತ್ತ. ನಾಯಿಯ ಪಕ್ಕ ಮೊಣಕಾಲೂರಿದ.

"ಬೌ."

"ಅದೇನು ಹೇನರೆ, ಕೆಮ್ಮಿದ್ಯೋ ಬೊಗಳಿದ್ಯೋ?" ಯಾರೋ ಕೂಗಿದರು. ನಗು ಎದ್ದಿತು.

ಅಜ್ಜ ಕಣ್ಣು ಮುಚ್ಚಿಕೊಂಡು ಮತ್ತೆ ಬೊಗಳಿದ. ಮೂರನೆಯ ಸಲ ದನಿ ನಡುವೆಯೇ ಒಡೆದು ಹೋಯಿತು. ಅಜ್ಜಿಯನ್ನು ಮಣ್ಣಿಗಿಟ್ಟ ದಿನವೂ ಹೊರಬರದೆ ಉಳಿದದ್ದೇನೋ ಬಂತು. ಯಾರೂ ನಗಲಿಲ್ಲ.

ಟುಯಿ ತಲೆ ಓರೆ ಮಾಡಿತು. ಅದರ ಎದೆ ಉಬ್ಬಿತು. ಮೊದಲು ಕೀರಲು, ಆಮೇಲೆ ಕಣಿವೆ ತುಂಬುವಷ್ಟು! ಬೆಟ್ಟ ಅದನ್ನು ಹಾಗೇ ವಾಪಸು ಕೊಟ್ಟಿತು. ಕುರಿಗಳು ತಲೆಯೆತ್ತಿದವು, ಕದಲಿದವು, ಬಿಳಿ ನೀರಿನ ಹಾಗೆ ಇಳಿದವು.

ಕೊನೆಯ ಕುರಿ ದೊಡ್ಡಿ ಸೇರುವವರೆಗೆ ಇಬ್ಬರೂ ಬೊಗಳುತ್ತಲೇ ಇದ್ದರು. ಆಮೇಲೆ ಅಜ್ಜ ಆಚೆ ಗುಡ್ಡದತ್ತ ನೋಡಿದ.

"ಕೊಟ್ಟೆ ಕಣೇ," ಅಂದ.