ಅಳಿಸದೆ ಉಳಿದ ಮಾತು

ನೆನೆಸಿದ ಮಂಡಕ್ಕಿಯನ್ನು ಹಿಂಡುತ್ತಿದ್ದಾಗ ಗೇಟಿನ ಸದ್ದಾಯಿತು. ಗಂಗೋತ್ರಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಹೊರಗೆ ಪಂಪೇಶ್ ನಿಂತಿದ್ದ. ಸಂಡೂರು ದಾರಿಯ ಕಾರ್ಖಾನೆಯಲ್ಲಿ ಅದಿರು ಸಾಗಿಸುವ ಬೆಲ್ಟಿನ ಬಳಿ ಕೆಲಸ ಅವನದು. ಮೊದಲ ಪಾಳಿಯ ಹೊತ್ತಾಗಿದ್ದರೂ ಅವನ ಕಾಲಲ್ಲಿ ಬೂಟಿರಲಿಲ್ಲ, ಮನೆಯ ಚಪ್ಪಲಿ ಇತ್ತು.

"ಬರ್ರಿ ಪಂಪೇಶ್, ಒಳಗ ಕುಂದ್ರಿ" ಎಂದಳು. ಅವನು ಕುರ್ಚಿಯ ಅಂಚಿನಲ್ಲಿ ಕುಳಿತ.

ಕಾಲೇಜಿನಲ್ಲಿ ಪಾಠ ಮಾಡುವ ಗಂಗೋತ್ರಿಯ ಸಂಶೋಧನೆಯೆಲ್ಲ ಗಣಿ, ಕಾರ್ಖಾನೆಗಳ ಅಪಘಾತಗಳ ಬಗ್ಗೆ. ದಣಿದ ಮನುಷ್ಯ ತಪ್ಪುತ್ತಾನೆ, ತಪ್ಪಿದಾಗಲೂ ಅವನ ಜೀವ ಉಳಿಯುವ ಹಾಗೆ ಕೆಲಸ ಇರಬೇಕು ಎಂದು ವರ್ಷ ವರ್ಷ ಹೇಳಿ ಅವಳ ಗಂಟಲೇ ದಣಿದಿತ್ತು. ಅದಕ್ಕಾಗಿ ಕಾರ್ಮಿಕರನ್ನು ಕೂರಿಸಿ ಮಾತಾಡಿಸುತ್ತಿದ್ದಳು. ಹೆಸರು ಎಲ್ಲೂ ಬರುವುದಿಲ್ಲ ಎಂದು ಮಾತು ಕೊಡುತ್ತಿದ್ದಳು. ಪಂಪೇಶನ ಹೆಸರು, ವಯಸ್ಸು, ಕಂಪ್ಲಿ ಎಂಬ ಊರು ಎಲ್ಲವನ್ನೂ ತನ್ನ ಲೇಖನದಿಂದ ತೆಗೆದಿದ್ದಳು. ಅವನ ಒಂದು ಮಾತನ್ನು ಮಾತ್ರ ಅಳಿಸಲು ಮನಸ್ಸಾಗಿರಲಿಲ್ಲ.

"ರೈಸ್ ಮಿಲ್ಲಿನ ಪಟ್ಟಾಕ್ಕ ಸಿಕ್ಕು ನಮ್ಮಪ್ಪನ ಕೈ ಹೋತು. ಅಲ್ಲಿ ನಿಲ್ಸಾಕ ಹಗ್ಗನ ಇದ್ದಿಲ್ಲ. ಇಲ್ಲಿ ಹಗ್ಗ ಐತಿ, ಜಗ್ಗಿದ್ರ ಬೆಲ್ಟ್ ನಿಲ್ಲಂಗಿಲ್ಲ."

ಯಾರಾದರೂ ಸಿಕ್ಕಿಕೊಂಡರೆ ಎಳೆಯಲೆಂದು ಬೆಲ್ಟಿನ ಉದ್ದಕ್ಕೂ ಕಟ್ಟಿದ ಹಗ್ಗ ಅದು. ಕೈ ತಾಗಿದಾಗಲೆಲ್ಲ ಬೆಲ್ಟ್ ನಿಂತು ಕೆಲಸ ಹಿಂದೆ ಬೀಳುತ್ತದೆಂದು ಮೇಲಿನವರು ಅದರ ವೈರ್ ಬಿಚ್ಚಿಸಿದ್ದರು. ಗಂಗೋತ್ರಿಯ ಲೇಖನದಲ್ಲಿ ಆ ಮಾತನ್ನು ಓದಿದವರೆಲ್ಲ ಮೆಚ್ಚಿದರು. ಕಾರ್ಖಾನೆಯವರೂ ಓದಿದರು. ರೈಸ್ ಮಿಲ್ಲಿನಲ್ಲಿ ಕೈ ಹೋದದ್ದು ಯಾರ ಅಪ್ಪನದು ಎಂದು ಅಲ್ಲಿ ಕ್ಯಾಂಟೀನಿನಲ್ಲಿ ಚಹಾ ಕೊಡುವವನಿಗೂ ಗೊತ್ತಿತ್ತು.

ಸೋಮವಾರದಿಂದ ತನ್ನನ್ನು ಒಳಗೆ ಬಿಡುತ್ತಿಲ್ಲ, ತನ್ನ ಜಾಗದಲ್ಲಿ ಗಾಳೆಪ್ಪ ಎಂಬವನನ್ನು ನಿಲ್ಲಿಸಿದ್ದಾರೆ ಎಂದು ಪಂಪೇಶ್ ಹೇಳಿದ.

"'ಪುಸ್ತಕದಾಗ ಬಂದೀಯಂತಲ್ಲಲೇ, ಹಾರ ತರ್ಸಬೇಕೇನು' ಅಂತಾರ್ರಿ ಗೇಟಿನಾಗ" ಎಂದು ಸ್ವಲ್ಪ ನಕ್ಕ. ಗಂಗೋತ್ರಿಗೆ ನಗಲಾಗಲಿಲ್ಲ. ತಪ್ಪಾಯಿತು ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಮಗಳು ಸ್ನೇಹಾ ಯೂನಿಫಾರ್ಮಿನಲ್ಲಿ ನಿಂತಿದ್ದಳು. ಅಮ್ಮ ಈ ಮಾಮನ ದನಿಯನ್ನು ಫೋನಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿ ಬರೆದುಕೊಳ್ಳುವಾಗ ಅವಳು ಪಕ್ಕದಲ್ಲೇ ಕುಳಿತು ಮಗ್ಗಿ ಬರೆಯುತ್ತಿದ್ದಳು. "ಅಮ್ಮಾ" ಎಂದಳು. ಹಾಲು ಕುಡಿ ಹೋಗು ಎಂದು ಗಂಗೋತ್ರಿ ಕಣ್ಣಲ್ಲೇ ಹೇಳಿದಳು. ಮಗು ಹೋಗಲಿಲ್ಲ.

"ಆ ಮಾತು ನಮ್ ಪ್ಲಾಂಟಿಂದಲ್ಲ, ಬ್ಯಾರೆ ಕಡೀದು ಅಂತ ಒಂದು ಹಾಳ್ಯಾಗ ಬರಕೊಡ್ರಿ ಮೇಡಂ" ಎಂದ ಪಂಪೇಶ್. "ಅಷ್ಟಾದ್ರ ಮತ್ತ ಕೆಲಸಕ್ಕ ತಗಂತೀವಿ ಅಂದಾರ."

"ಅದು ಸುಳ್ಳಾಗ್ತೈತಲ್ಲ."

"ಹೌದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಖರೇ ನಾನು ಹೇಳೀನಿ. ಸುಳ್ಳು ನೀವು ಹೇಳ್ರಿ."

ಗಂಗೋತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬರೆದುಕೊಟ್ಟರೆ ಇವನು ನಾಳೆ ಬೂಟು ಹಾಕಿಕೊಳ್ಳುತ್ತಾನೆ. ಕಾರ್ಖಾನೆಯವರು ಆ ಕಾಗದವನ್ನು ಎಲ್ಲರಿಗೂ ತೋರಿಸಿ, ನಮ್ಮಲ್ಲಿ ಎಲ್ಲ ಸರಿಯಿದೆ ಎನ್ನುತ್ತಾರೆ. ಅವಳ ಲೇಖನಕ್ಕೆ ಬೆಲೆ ಉಳಿಯುವುದಿಲ್ಲ, ಅದು ಹೋಗಲಿ. ಬರೆಯದಿದ್ದರೆ, ನಂಬಿ ಬಾಯಿ ಬಿಟ್ಟವನು ಬೀದಿಗೆ. ಅವಳು ಕೈ ಒರೆಸಿಕೊಂಡು ಎದ್ದು ಒಂದು ಹಾಳೆ ತಂದಳು. ತಾರೀಖು ಹಾಕಿದಳು. ಸದರಿ ಹೇಳಿಕೆಯು ತಮ್ಮ ಕಾರ್ಖಾನೆಗೆ ಸಂಬಂಧಿಸಿದ್ದಲ್ಲ ಎಂದು ನಿಧಾನವಾಗಿ ಬರೆದಳು. ಸಹಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

ಬೀದಿಯಲ್ಲಿ ಶಾಲೆಯ ವ್ಯಾನು ಹಾರ್ನ್ ಮಾಡಿತು. ಸ್ನೇಹಾ ಬ್ಯಾಗು ಎತ್ತಿಕೊಳ್ಳದೆ ಮೇಜಿನ ಹತ್ತಿರ ಬಂದು, ಅಮ್ಮನನ್ನೂ ಅವನನ್ನೂ ನೋಡಿದಳು.

"ಈಗ ಅಲ್ಲಿ ಗಾಳೆಪ್ಪ ಅನ್ನೋರು ಅದಾರಲ್ಲ," ಎಂದಳು, "ಅವರು ಹಗ್ಗ ಜಗ್ಗಿದ್ರ ಬೆಲ್ಟ್ ನಿಲ್ತೈತಾ?"