ಪೂಜೆಗೆ ಕೂತ ಸ್ಪ್ಯಾನರ್‌ಗಳು

ಶ್ರೀನಿಯ ಹಳೇ ಜೀಪಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅದು ಹೋಗುವಾಗ ತಾನೇ ಹೋಗುತ್ತಿತ್ತು, ಬರುವಾಗ ಇನ್ನೊಬ್ಬರ ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಬರುತ್ತಿತ್ತು. ಎರಡು ಸಲ ಹೀಗಾಗಿತ್ತು. ಎರಡನೇ ಸಲ ಕಲ್ಯಾಣದ ಅವರ ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದಿದ್ದ. ಅವತ್ತೇ ಹೆಂಡತಿ ಯಾಮಿನಿ ತೀರ್ಪು ಕೊಟ್ಟಳು.

“ಇನ್ನೊಂದು ಸಲ ಹಗ್ಗದಲ್ಲಿ ಬರ್ಲಿ ನೋಡಿ, ಮಾರನೇ ದಿನಾನೇ ಕಳಂಬೋಲಿ ಗುಜರಿಗೆ. ಕಬ್ಬಿಣದ ತೂಕಕ್ಕೆ ಹಾಕಿಬಿಡ್ತೀನಿ.”

ಯಾಮಿನಿ ಆಡಿದ್ದನ್ನು ಮಾಡುವವಳು. ಹಾಗಾಗಿ ವಿಜಯದಶಮಿಯ ರಜೆಗೆ ಇಬ್ಬರು ಗೆಳೆಯರ ಜೊತೆ ಮುರ್ಬಾಡಿನಾಚೆಯ ಕಲ್ಲುದಾರಿಯಲ್ಲಿ ಜೀಪು ಓಡಿಸಲು ಹೋಗುವುದೆಂದು ಗೊತ್ತಾದದ್ದೇ, ಶ್ರೀನಿ ಹದಿನೈದು ದಿನ ಮೊದಲೇ ಗಂಟು ಕಟ್ಟಲು ಕೂತ. ಫ್ಯಾನ್ ಬೆಲ್ಟು ಒಂದಲ್ಲ, ಮೂರು. ಕ್ಲಚ್ ಕೇಬಲ್ಲು, ರೇಡಿಯೇಟರ್ ಹೋಸು, ಡಬ್ಬಿ ತುಂಬ ಫ್ಯೂಸು. ಹೊಸ ಕೆಂಪು ಪೆಟ್ಟಿಗೆಯಲ್ಲಿ ಎಂಟರಿಂದ ಇಪ್ಪತ್ತೆರಡು ನಂಬರಿನವರೆಗೆ ಸ್ಪ್ಯಾನರ್‌ಗಳು, ಒಂದೊಂದಕ್ಕೂ ಚೀಟಿ. ಮಗಳ ಮದುವೆಗೆ ಬೆಳ್ಳಿ ಪಾತ್ರೆ ಜೋಡಿಸಿದಂತೆ ಜೋಡಿಸಿದ. ಅವುಗಳಿಂದ ಒಂದು ಬೋಲ್ಟನ್ನಾದರೂ ಬಿಚ್ಚಿದ್ದನೇ? ಅದು ಮಾತ್ರ ಕೇಳಬೇಡಿ.

ನವಮಿಯ ದಿನ ಮೈಸೂರಿನಿಂದ ಬಂದಿದ್ದ ತಾಯಿ ಸುಬ್ಬಲಕ್ಷ್ಮಿ ಆ ಕೆಂಪು ಪೆಟ್ಟಿಗೆಯನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದರು. ಆಯುಧಪೂಜೆ ಸಾಂಗವಾಯಿತು. ಮರುದಿನ ಬೆಳಗ್ಗೆ ಐದಕ್ಕೆ ಶ್ರೀನಿ ಪೆಟ್ಟಿಗೆಗೆ ಕೈ ಹಾಕಿದರೆ ತಾಯಿ ಅಡ್ಡ ನಿಂತರು.

“ಮುಟ್ಟಬೇಡ್ವೋ! ಮರುಪೂಜೆ ಆಗ್ದೆ ಆಯುಧ ಎತ್ತಬಾರ್ದು.”

“ಅಮ್ಮಾ, ಜೀಪಿಗೂ ಪೂಜೆ ಆಗಿದೆ. ಅದನ್ನ ತಗೊಂಡು ಹೋಗ್ಬಹುದಾ?”

“ವಾಹನ ಓಡಬೇಕು, ಆಯುಧ ಕೂತಿರಬೇಕು.”

“ಮತ್ತೆ ಈ ಬೆಲ್ಟು, ಹೋಸು?”

ಸುಬ್ಬಲಕ್ಷ್ಮಿ ಅರೆಕ್ಷಣ ಯೋಚಿಸಿದರು. “ಅದಿನ್ನೂ ಒಂದು ದಿನಾನೂ ದುಡಿದಿಲ್ವಲ್ಲ. ಅದು ಆಯುಧ ಅಲ್ಲ, ಸಾಮಾನು. ತಗೊಂಡ್ಹೋಗು.”

ಹೋಗಲಿ ಬಿಡು, ಉಳಿದಿಬ್ಬರ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡು ಶ್ರೀನಿ ಹೊರಟ. ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಉಡುಪಿಯ ಮೋಹನದಾಸ ಒಂದು ಜೀಪಿನಲ್ಲಿ, ನವಿ ಮುಂಬಯಿಯ ಐ.ಟಿ. ಕಂಪನಿಯ ವಸಂತ್ ಇನ್ನೊಂದರಲ್ಲಿ ದಾರಿಯಲ್ಲಿ ಕೂಡಿಕೊಂಡರು. ಮುರ್ಬಾಡು ದಾಟಿ ಕಲ್ಲುದಾರಿ ಹಿಡಿದು ಅರ್ಧ ಗಂಟೆಯಾಗಿತ್ತು. ಶ್ರೀನಿಯ ಜೀಪಿನೊಳಗೆ ಏನೋ ಪಟ್ಟೆಂದಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಫ್ಯಾನ್ ಬೆಲ್ಟು ಹರಿದಿತ್ತು.

ಶ್ರೀನಿಗೆ ನಿಜಕ್ಕೂ ಖುಷಿಯಾಯಿತು! ಹೊಸ ಬೆಲ್ಟನ್ನು ಹೂವಿನ ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಇಳಿದ. “ದಾಸಣ್ಣ, ಹದಿಮೂರು ನಂಬರ್ ಸ್ಪ್ಯಾನರ್ ಕೊಡಿ.”

ಮೋಹನದಾಸ ತಲೆ ಕೆರೆದುಕೊಂಡ. “ಎಂಥದು ಮಾರಾಯ್ರೆ, ನೀವು ತರ್ತೀರಿ ಅಂತ ನಾನು ಸುಮ್ಮನಿದ್ದೆ. ನಮ್ಮದೆಲ್ಲ ದೇವರ ಕೋಣೆಯಲ್ಲಿ ಉಂಟು.”

“ಗುರೂ, ನಂದೂ ಅಷ್ಟೇ,” ಎಂದ ವಸಂತ್. “ಅಮ್ಮ ಬೆಂಗಳೂರಿಂದ ವಿಡಿಯೋ ಕಾಲಲ್ಲೇ ಕಾವಲು ಕೂತಿದ್ರು.”

ಮೂರು ಜೀಪು, ಮೂರು ಬೆಲ್ಟು, ಒಂದೇ ಒಂದು ಸ್ಪ್ಯಾನರ್ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಹತ್ತಿರದ ಹಳ್ಳಿಯ ಟ್ರ್ಯಾಕ್ಟರಿನವನನ್ನು ಕೇಳಿದರೆ ಅವನೂ ಕೈ ಮುಗಿದ: “ಆಜ್ ದಸರಾ, ಸಾಹೇಬ್. ಉದ್ಯಾ ಯಾ.” ನಾಳೆ ಬನ್ನಿ ಎಂದು. ಅವನ ಸ್ಪ್ಯಾನರ್‌ಗಳೂ ಚೆಂಡು ಹೂವಿನ ಕೆಳಗೆ ಹಾಯಾಗಿ ಮಲಗಿದ್ದವು.

ಮೋಹನದಾಸ ಸೀಟಿನ ಹಿಂದಿನಿಂದ ಹಗ್ಗ ಎಳೆದ. “ಇದಕ್ಕೆ ಡೀಸೆಲ್ ವಾಸನೆ ಅಂತ ಹೆಂಡತಿ ಪೂಜೆಗೆ ಸೇರಿಸಲಿಲ್ಲ. ಕಟ್ಟುವನಾ?”

ಹಗ್ಗ ಕಂಡದ್ದೇ ಶ್ರೀನಿಗೆ ಕಳಂಬೋಲಿಯ ತಕ್ಕಡಿ ಕಣ್ಣ ಮುಂದೆ ಬಂತು. “ಬೇಡ, ಬೇಡ!” ಎಂದು ಬಂಪರಿನ ಮೇಲೆ ಕೂತುಬಿಟ್ಟ. ಅರ್ಧ ಗಂಟೆ ಕೂತ. ಆಮೇಲೆ ಬೇರೆ ದಾರಿ ಕಾಣದೆ, ನಾಚಿಕೆ ಬಿಟ್ಟು ಯಾಮಿನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ.

“ಲೊಕೇಶನ್ ಕಳ್ಸಿ,” ಎಂದು ಅವಳು ಫೋನಿಟ್ಟಳು.

ಎರಡು ಗಂಟೆ ಬಿಟ್ಟು, ಧೂಳೆಬ್ಬಿಸಿಕೊಂಡು ಅವಳ ಸ್ಕೂಟರ್ ಬಂತು. ಕಾಲ ಬಳಿ ಕುಂಕುಮ ಮೆತ್ತಿದ ಕೆಂಪು ಪೆಟ್ಟಿಗೆ.

“ಅಮ್ಮ ಮುಟ್ಟೋಕೆ ಬಿಟ್ರಾ?”

“ನಾಲ್ಕೇ ನಿಮಿಷದಲ್ಲಿ ಮರುಪೂಜೆ ಮುಗಿಸಿ ಕೊಟ್ರು.”

“ನಾನು ಬೆಳಗ್ಗೆ ಅಷ್ಟು ಬೇಡಿಕೊಂಡ್ನಲ್ಲೇ!”

“ನೀವು ಸ್ನಾನ ಮಾಡಿರ್ಲಿಲ್ವಂತೆ.”

ಶ್ರೀನಿ ಹದಿಮೂರು ನಂಬರ್ ಹಿಡಿದು ಬೋಲ್ಟಿಗೆ ಕೊಟ್ಟು ತಿರುಗಿಸಿದ. ಅದು ಇನ್ನಷ್ಟು ಬಿಗಿಯಾಯಿತು. ಯಾಮಿನಿ ಸ್ಪ್ಯಾನರಿಗೆ ಕೈ ಚಾಚಿದಳು. ದಿನಾ ಸ್ಕೂಟರಿನಲ್ಲಿ ಶೀಳ್‌ಫಾಟಾ ದಾಟಿ ತುರ್ಭೆಯ ಆಫೀಸಿಗೆ ಹೋಗುವವಳು ಅವಳು. ಅಲ್ಲಿನ ಜಾಮಿನಲ್ಲಿ ಲಾರಿಯವರು ಬೆಲ್ಟು ಬದಲಾಯಿಸುವುದನ್ನು ಹಾರ್ನ್ ಹೊಡೆಯುತ್ತಾ ಎಷ್ಟು ಸಲ ನೋಡಿದ್ದಳೋ. ಬೋಲ್ಟು ಸಡಿಲಿಸಿ, ಹೊಸ ಬೆಲ್ಟು ಕೂರಿಸಿ, ಬೆರಳಲ್ಲಿ ಒತ್ತಿ ನೋಡಿ, ಮತ್ತೆ ಬಿಗಿದಳು. ವಸಂತ್ ರೇಡಿಯೇಟರಿಗೆ ನೀರು ಹೊಯ್ದ. ಯಾಮಿನಿ ಸೀದಾ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು.

“ಇದರ ಕ್ಲಚ್ ನಿಂಗೆ ಗೊತ್ತಾಗಲ್ಲ ಕಣೇ,” ಎಂದ ಶ್ರೀನಿ. ಮೂರು ವರ್ಷದಿಂದ ಇದೇ ಮಾತು ಹೇಳಿ ಅವಳಿಗೆ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ.

“ಹೆದರ್ಬೇಡಿ, ಜೀಪು ಮಾರಲ್ಲ.” ಸ್ಕೂಟರಿನ ಕೀಲಿಯನ್ನು ಅವನ ಕೈಗೆ ಹಾಕಿದಳು. “ಇದನ್ನ ಮನೆಗೆ ತಗೊಂಡ್ಹೋಗಿ. ಸಂಜೆ ಬನ್ನಿ ಎಲೆ ಕೊಡೋಕೆ ಮನೆಮನೆಗೆ ಹೋಗ್ಬೇಕಂತೆ, ಅತ್ತೆಗೆ ಜೊತೆ ಬೇಕು. ದಾಸಣ್ಣ, ನೀವು ಮುಂದೆ ನಡೀರಿ.”

ಮೋಹನದಾಸ ಶ್ರೀನಿಯ ಮುಖ ನೋಡಿದ, ಯಾಮಿನಿಯ ಮುಖ ನೋಡಿದ, ಹೋಗಿ ಗಾಡಿ ಸ್ಟಾರ್ಟ್ ಮಾಡಿದ. ಜಾಣ.

ಜೀಪು ಉಳಿಯಿತಲ್ಲ ಎಂದು ಶ್ರೀನಿಗೆ ದೊಡ್ಡ ಸಮಾಧಾನವಾಯಿತು. ಹೊಟ್ಟೆಯೂ ಚೆನ್ನಾಗಿ ಉರಿಯಿತು. ಕೀಲಿ ಹಿಡಿದುಕೊಂಡು ಅವನು ನೋಡುತ್ತಲೇ ನಿಂತ. ಹಿಂದೆ ಬಂದಾಗಲೆಲ್ಲ ಅವನ ಕೈಯಲ್ಲಿ ಒಂದು ಸಲವೂ ಹತ್ತದ, ಎದುರಿನ ಆ ಏರನ್ನು ಜೀಪು ಒಂದೇ ಉಸಿರಿಗೆ ಹತ್ತಿ ಹೋಯಿತು.