ದಾಟಿದ ಸೈಕಲ್‌ಗಳು: ಇಪ್ಪತ್ತು

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆ ಕಟ್ಟಿದವನು ಸೈಕಲ್ ತುಳಿದವನಲ್ಲ. ತುಳಿದಿದ್ದರೆ ಎಡವಟ್ಟನಿಗೆ ದಾರಿಯೇ ಇಲ್ಲವೆಂಬುದು ಅವನಿಗೆ ಗೊತ್ತಿರುತ್ತಿತ್ತು. ರಸ್ತೆಗಿಳಿದರೆ ಬಸ್ಸಿನವನು ಹಾರ್ನ್ ಹೊಡೆದು ಅಂಚಿಗೆ ತಳ್ಳುತ್ತಾನೆ. ಅಂಚಿನಲ್ಲಿ ಮೋರಿಯ ಕಬ್ಬಿಣದ ಜಾಲರಿ ಇರುತ್ತದೆ, ಅದರ ಸಂದು ಸೈಕಲ್ ಚಕ್ರದ ಅಳತೆ ತೆಗೆದುಕೊಂಡೇ ಮಾಡಿಸಿದ ಹಾಗೆ. ಅದೂ ಬೇಡವೆಂದು ಫುಟ್‌ಪಾತ್ ಹತ್ತಿದರೆ ಪೊಲೀಸರು ಹಿಡಿಯುತ್ತಾರೆ.

ಕನ್ನಡಕದಕ್ಕನಿಗೆ ಈ ಮೂರೂ ಒಂದೇ ವಾರದಲ್ಲಿ ಆದವು. ಮೂರನೆಯದನ್ನು ಮಾಡಿದವನು ರೈಲ್ವೆ ಮೇಲ್ಸೇತುವೆಯ ಬಳಿ ನಿಲ್ಲುತ್ತಿದ್ದ ಪೇದೆ. ಮಾತಿಲ್ಲದೆ ಬಗ್ಗಿ, ಎರಡೂ ಚಕ್ರದ ಗಾಳಿ ಬಿಟ್ಟು, ಎದ್ದು ಕೈ ಒರೆಸಿಕೊಂಡ.

“ನಡ್ಕೊಂಡು ಹೋಗಿ ಅಕ್ಕಾ. ಫುಟ್‌ಪಾತ್ ಇರೋದು ನಡೆಯೋರಿಗೆ.”

“ರಸ್ತೆ ಇರೋದು?”

“ಗಾಡಿಯವರಿಗೆ.”

“ಹಾಗಾದ್ರೆ ನಾನೇನು ಹಾರ್ಕೊಂಡು ಹೋಗ್ಲಾ?”

ಪೇದೆ ಒಂದು ಗಳಿಗೆ ಯೋಚಿಸಿದ. “ಹಾರೋದಕ್ಕೆ ನಮ್ಮ ಇಲಾಖೇಲಿ ನಿಯಮ ಇಲ್ಲ” ಎಂದ. ತಮಾಷೆಗೆ ಹೇಳಿದನೋ ನಿಜಕ್ಕೇ ಹೇಳಿದನೋ ಅವನ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಸೈಕಲ್ ತಳ್ಳಿಕೊಂಡು ಹೋಗುವಾಗ ಮುಂದೆ ಇನ್ನೊಬ್ಬರು ಹಾಗೆಯೇ ತಳ್ಳಿಕೊಂಡು ಹೋಗುತ್ತಿದ್ದರು. ಔಷಧಿ ಅಂಗಡಿಯವರು. “ನಿಮ್ದೂ ಬಿಟ್ನಾ?” ಎಂದು ಕೇಳಿದರು. ಇಬ್ಬರಿಗೂ ನಗು ಬಂತು. ಇಂಥ ಗಾಳಿ ಹೋದವರದ್ದೇ ಒಂದು ಸಂಘವಿದೆ, ಬನ್ನಿ ಎಂದರು. ಅವಳು ಸಂಘ ಸೇರಿದ್ದು ಹೀಗೆ.

ಅವಳಿಗೆ ಆಗ ನಲವತ್ನಾಲ್ಕು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ನಡುಮಧ್ಯಕ್ಕೆ ಶಾಯಿಯ ಚುಕ್ಕೆ ಇಟ್ಟು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಅರ್ಧ ಊರಿನ ಕಣ್ಣು ಅವಳ ಕೈಯಲ್ಲಿ ಹಾದುಹೋಗಿತ್ತು, ಆದರೆ ಆ ಕಣ್ಣುಗಳಲ್ಲಿ ಒಂದೂ ಅವಳನ್ನು ಕಂಡಿರಲಿಲ್ಲ. ಗಿರಾಕಿಗಳು ಮುಂದಿನ ಕೋಣೆಯಲ್ಲೇ ಕನ್ನಡಿ ನೋಡಿಕೊಂಡು ಹೊರಟುಹೋಗುತ್ತಿದ್ದರು. ಮದುವೆ ಎಂಬುದು ಎರಡು ಸಲ ಹೊಸ್ತಿಲ ತನಕ ಬಂದು ತಿರುಗಿ ಹೋಗಿತ್ತು. ಅಮ್ಮ ಇರುವ ತನಕ, ಸಂಜೆ ಬಾಗಿಲು ತೆರೆದ ಸದ್ದಿಗೆ ಒಳಗಿನಿಂದ “ಬಂದ್ಯಾ?” ಎಂಬ ದನಿ ಬರುತ್ತಿತ್ತು. ಬಂದವಳು ಎದುರಿಗೇ ನಿಂತಿದ್ದರೂ ಅಮ್ಮ ಕೇಳುವಳು. “ಇಲ್ಲ, ಇನ್ನೂ ದಾರೀಲಿದೀನಿ” ಎಂದು ಇವಳು ರೇಗುವಳು. ಅಮ್ಮ ಹೋದ ಮೇಲೆ ಆ ಬಾಗಿಲು ತೆರೆಯುವುದೆಂದರೆ ಅವಳಿಗೆ ಅಳುಕು. ಅಣ್ಣ ಬೇರೆ ಊರಿನಲ್ಲಿದ್ದ. ಅತ್ತಿಗೆ ವಾರಕ್ಕೊಮ್ಮೆ ಫೋನ್ ಮಾಡಿ, “ಸೈಕಲ್ಲನ್ನೇ ಕಟ್ಕೊಂಡ್ಬಿಡು, ಊಟಕ್ಕಂತೂ ಕೇಳಲ್ಲ” ಎಂದು ನಗುವಳು.

ಸಂಘದಲ್ಲಿ ಇಪ್ಪತ್ತಾರು ಜನರಿದ್ದರು. ಕಾಲೇಜಿನ ಮೇಷ್ಟ್ರು ಅಧ್ಯಕ್ಷರು. ಮಾತಾಡಲು ನಿಂತರೆ ಕೂರಿಸುವುದು ಕಷ್ಟ, ಅರ್ಜಿ ಬರೆಯಲು ಕೂತರೆ ಎಬ್ಬಿಸುವುದು ಕಷ್ಟ. ಬರವಣಿಗೆ ಮುತ್ತಿನಂತಿದೆ ಎಂದು ಅವಳನ್ನು ಕಾರ್ಯದರ್ಶಿ ಮಾಡಿದರು. ಮೇಲ್ಸೇತುವೆಯ ಎಡಗಡೆ ಸೈಕಲ್ಲಿಗೊಂದು ಓಣಿ ಬಿಡಿ ಎಂಬುದು ಅವರ ಬೇಡಿಕೆ. ಎರಡು ವರ್ಷ ಅರ್ಜಿ ಹೊತ್ತು ತಿರುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಮೇಲಿನವರು ಒಪ್ಪಿದ ಮೇಲೂ ರಸ್ತೆ ಇಲಾಖೆಯ ಎಂಜಿನಿಯರ್ ತಕರಾರು ತೆಗೆದ. ಕೊನೆಗೆ ಒಂದು ಷರತ್ತು ಹಾಕಿದ. ಹಸಿರು ಬಣ್ಣ ಬಳಿದು ಒಂದು ವರ್ಷ ಪರೀಕ್ಷೆಗೆ ಬಿಡುತ್ತೇನೆ. ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಪೊಲೀಸರು ಸೇತುವೆಯ ತುದಿಯಲ್ಲಿ ನಿಂತು ಎಣಿಸುತ್ತಾರೆ. ಕನಿಷ್ಠ ಇಪ್ಪತ್ತು ಸೈಕಲ್ ದಾಟಬೇಕು. ಒಂದು ತಿಂಗಳು ಒಂದು ಕಡಿಮೆಯಾದರೂ ಬಣ್ಣ ಅಳಿಸಿ, ಓಣಿಯನ್ನು ಕಾರುಗಳಿಗೆ ಬಿಟ್ಟುಕೊಡುತ್ತೇನೆ.

ನಿಜವಾಗಿ ಸೈಕಲ್ ತುಳಿಯುವವರು, ಅಂದರೆ ಪೇಪರ್ ಹಾಕುವವರು, ಕಾರ್ಖಾನೆಯ ಮೊದಲ ಪಾಳಿಯವರು, ಆರಕ್ಕೆ ಮುಂಚೆಯೇ ಸೇತುವೆ ದಾಟಿರುತ್ತಿದ್ದರು. ಅಷ್ಟು ಹೊತ್ತಿಗೆ ಎಂಜಿನಿಯರ್ ಎದ್ದಿರುತ್ತಿರಲಿಲ್ಲ, ಆದ್ದರಿಂದ ಅವರು ಲೆಕ್ಕದಲ್ಲಿರಲಿಲ್ಲ.

ಎಣಿಸಲು ನಿಂತವನು ಆ ಗಾಳಿ ಬಿಟ್ಟ ಪೇದೆಯೇ. ಮೊದಲ ತಿಂಗಳು ಇಪ್ಪತ್ತಾರು ಜನರೂ ಬಂದರು. ಗಂಟೆ ಬಾರಿಸಿಕೊಂಡು ಸೇತುವೆ ದಾಟಿ, ಕೆಳಗಿಳಿದು ಅಂಡರ್‌ಪಾಸಿನಲ್ಲಿ ಹಿಂದಕ್ಕೆ ಬಂದು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಔಷಧಿ ಅಂಗಡಿಯವರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಆ ದಿನ ಕನ್ನಡಕದಕ್ಕ ನಕ್ಕಷ್ಟು ಆ ವರ್ಷ ಪೂರ್ತಿ ನಕ್ಕಿರಲಿಲ್ಲ.

ಎಡವಟ್ಟಾದದ್ದು ನಾಲ್ಕನೇ ತಿಂಗಳು. ಹದಿನೇಳೇ ಜನ ಬಂದಿದ್ದರು. ಒಬ್ಬರಿಗೆ ಮಂಡಿನೋವು, ಒಬ್ಬರ ಮನೆಗೆ ನೆಂಟರು. ಎಲ್ಲರ ಮುಖ ಸಪ್ಪಗಾಯಿತು. ಆಗ ಅವಳೇ ಷರತ್ತಿನ ಕಾಗದ ತೆಗೆದು ಓದಿದಳು. ‘ದಾಟಿದ ಸೈಕಲ್‌ಗಳು’ ಎಂದಿತ್ತು, ‘ದಾಟಿದ ಜನರು’ ಎಂದಿರಲಿಲ್ಲ.

“ಮೂರು ಜನ ಇನ್ನೊಂದು ಸುತ್ತು ಹೋದ್ರೆ?” ಎಂದಳು.

ಅಧ್ಯಕ್ಷರು ಪೇದೆಯ ಮುಖ ನೋಡಿದರು. ಪೇದೆ ಆಕಾಶ ನೋಡಿದ. “ನನ್ನ ಮುಂದೆ ಸೈಕಲ್ ದಾಟಿದ್ರೆ ಗೆರೆ ಎಳೀತೀನಿ ಸಾರ್. ನಂಗೆ ಹೇಳಿರೋದು ಅಷ್ಟೇ.”

ಮೂವರು ಇನ್ನೊಂದು ಸುತ್ತು ಹೋದರು. ಇಪ್ಪತ್ತಾಯಿತು. ಎಲ್ಲರೂ ಅವಳ ಬೆನ್ನು ತಟ್ಟಿದರು. ಓಣಿ ಉಳಿಯಿತು, ಸಂಘ ಕರಗತೊಡಗಿತು. ತಾನು ಹೋಗದಿದ್ದರೂ ಇನ್ಯಾರೋ ಒಂದು ಸುತ್ತು ಹೆಚ್ಚಿಗೆ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ಶನಿವಾರ ಬೆಳಿಗ್ಗೆ ಹೊದಿಕೆ ಬಿಟ್ಟು ಏಳುವವರು ಯಾರು? ಮುಂದಿನ ತಿಂಗಳು ಹನ್ನೊಂದು ಜನ, ಆಮೇಲೆ ಆರು, ಆಮೇಲೆ ಮೂರು. ಗಣಿತದ ಮೇಡಂ ಕಾರು ಕೊಂಡರು. ಔಷಧಿ ಅಂಗಡಿಯವರು ಎಂಟನೇ ತಿಂಗಳ ತನಕ ಬಂದು, ಒಮ್ಮೆ ಅಂಗಡಿಗೆ ಹೋಗುವಾಗ ಮೋರಿಯ ಜಾಲರಿಗೆ ಚಕ್ರ ಸಿಕ್ಕಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವರ ಹೆಂಡತಿ ಸೈಕಲ್ಲನ್ನು ಅಟ್ಟಕ್ಕೆ ಹಾಕಿಸಿದರು, ಕಾಫಿಯ ಫ್ಲಾಸ್ಕೂ ಅಲ್ಲಿಗೆ ನಿಂತಿತು.

ಒಂಬತ್ತನೇ ತಿಂಗಳ ಎಣಿಕೆಯ ಹಿಂದಿನ ಸಂಜೆ ಅಧ್ಯಕ್ಷರ ಫೋನ್ ಬಂತು. “ಒಂದು ಸೆಮಿನಾರ್ ಇದೆ ಕಣಮ್ಮಾ. ಈ ಸಲಾನೂ ನೀವೇ ಹೇಗೋ ನಿಭಾಯಿಸ್ತೀರಲ್ಲಾ?”

“ನಿಭಾಯಿಸ್ತೀನಿ ಸಾರ್.”

ಬನ್ನಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿ, ಅವರು ಬರದೆ ಹೋದರೆ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕೇಳದೆ ಇದ್ದರೆ, ಕೇಳಿದ್ದರೆ ಬರುತ್ತಿದ್ದರು ಎಂದಾದರೂ ಅಂದುಕೊಂಡಿರಬಹುದು.

ಒಂದು ಸುತ್ತಿಗೆ ಐದು ನಿಮಿಷ. ಇಪ್ಪತ್ತು ಸುತ್ತಿಗೆ ನೂರು ನಿಮಿಷ. ಸೇತುವೆಯ ಏರು, ಇಳಿಜಾರು, ಅಂಡರ್‌ಪಾಸಿನ ಕತ್ತಲು, ಮತ್ತೆ ಏರು. ಪ್ರತಿ ಸಲ ಅವಳು ದಾಟಿದಾಗಲೂ ಪೇದೆ ಬಗ್ಗಿ ಪುಸ್ತಕದಲ್ಲಿ ಗೆರೆ ಎಳೆಯುವನು. ಹೊಸಬರನ್ನು ನೋಡುವ ಗಂಭೀರತೆಯಲ್ಲೇ ಎಳೆಯುವನು. ಮೊದಲ ಸುತ್ತಿಗೆ ಮಾತ್ರ “ಬಂದ್ರಾ ಅಕ್ಕಾ?” ಎನ್ನುವನು. ಆ ಮಾತು ಕೇಳಿದ ಕೂಡಲೇ ಅವಳಿಗೆ ಮನೆಯ ಬಾಗಿಲು ನೆನಪಾಗುತ್ತಿತ್ತು. ಗಾಳಿ ಬಿಟ್ಟವನ ಬಾಯಲ್ಲಿ ಈ ಮಾತು ಬರಬೇಕೇ ಎಂದು ಸಿಟ್ಟೂ ಬರುತ್ತಿತ್ತು. ಆದರೂ ಎರಡನೇ ಶನಿವಾರಕ್ಕೆ ಎಷ್ಟು ದಿನವಿದೆ ಎಂದು ಕ್ಯಾಲೆಂಡರ್ ನೋಡುವುದು ಅಭ್ಯಾಸವಾಯಿತು. ಓಣಿ ಹೋದರೆ ಈ ಶನಿವಾರವೂ ಹೋಗುತ್ತದೆ ಎಂಬ ಹೆದರಿಕೆಯಲ್ಲೇ ಅವಳು ತುಳಿದಳು. ಒಂಬತ್ತನೇ ತಿಂಗಳು ಕಳೆಯಿತು, ಹತ್ತು, ಹನ್ನೊಂದು ಕಳೆದವು.

ಹನ್ನೆರಡನೆಯದು, ಕೊನೆಯದು. ಹದಿನೆಂಟನೇ ಸುತ್ತು ಮುಗಿದಾಗ ಹಿಂದಿನ ಚಕ್ರ ಮೆತ್ತಗಾಯಿತು. ಇಳಿದು ನೋಡಿದರೆ ಮೊಳೆ. ಗಂಟೆ ಎಂಟೂವರೆ ದಾಟಿ ಹತ್ತು ನಿಮಿಷ.

“ಪಂಚರ್” ಎಂದಳು. ದನಿ ಅಳುವಿನ ಅಂಚಿಗೆ ಬಂದಿತ್ತು.

ಪೇದೆ ಚಕ್ರ ನೋಡಿದ, ಗಡಿಯಾರ ನೋಡಿದ. “ಸೈಕಲ್ ದಾಟ್ಬೇಕು ಅಂತಿದೆ ಅಕ್ಕಾ. ಮೇಲೆ ಕೂತಿರ್ಬೇಕು ಅಂತ ಎಲ್ಲೂ ಇಲ್ಲ.”

ಅವಳು ಹ್ಯಾಂಡಲ್ ಹಿಡಿದು ಓಡಿದಳು. ನಲವತ್ತೇಳರ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದು, ಕುಂಟು ಸೈಕಲ್ ತಳ್ಳಿಕೊಂಡು ಸೇತುವೆ ಹತ್ತಿದ್ದನ್ನು ಬಸ್ಸಿನ ಕಿಟಕಿಗಳೆಲ್ಲ ನೋಡಿದವು. ಇಪ್ಪತ್ತನೆಯ ಸಲ ಬರುವಾಗ ಓಣಿಗೆ ಅಡ್ಡವಾಗಿ ಒಂದು ಕಾರು ನಿಂತಿತ್ತು. ಒಳಗಿದ್ದವನು ಫೋನಿನಲ್ಲಿ ಮುಳುಗಿದ್ದ. ಪೇದೆ ಸೀಟಿ ಊದಿಕೊಂಡು ಓಡಿಬಂದು ಕಾರಿನ ಮೇಲೆ ಲಾಠಿ ಬಡಿದ. “ತೆಗೀರಿ ಸ್ವಾಮಿ! ಸೈಕಲ್ ಬರ್ತಿದೆ, ಕಾಣಲ್ವಾ!” ಎಂದು ಕೂಗಿದ. ಕಾರು ಸರಿಯಿತು. ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಅವಳು ದಾಟಿದಳು. ಪೇದೆ ಏದುಸಿರು ಬಿಡುತ್ತಾ ಪುಸ್ತಕ ತೆಗೆದು ಗೆರೆ ಎಳೆದ.

ಓಣಿ ಕಾಯಂ ಆಯಿತು. ತಿಂಗಳ ನಂತರ ಸೇತುವೆಯ ಬುಡದಲ್ಲಿ ಸಣ್ಣ ಸಮಾರಂಭ. ಇಪ್ಪತ್ತಾರು ಜನರೂ ಬಂದಿದ್ದರು, ಹೆಚ್ಚಿನವರು ಕಾರಿನಲ್ಲಿ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂದು ಇಬ್ಬರು ಹಸಿರು ಓಣಿಯಲ್ಲೇ ನಿಲ್ಲಿಸಿ, ಒಂದೇ ನಿಮಿಷ ಎಂದು ಕೈಮುಗಿದರು. ಅಧ್ಯಕ್ಷರು ಅರ್ಧ ಗಂಟೆ ಒಗ್ಗಟ್ಟಿನ ಬಗ್ಗೆ ಮಾತಾಡಿದರು. ಹನಿಗೂಡಿದರೆ ಹಳ್ಳ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ತಿಂಗಳೂ ಇಪ್ಪತ್ತೆಂದು ಕೇಳಿದ್ದರು, ಯಾರೋ ಬರುತ್ತಿದ್ದಾರೆ ಎಂದುಕೊಂಡಿದ್ದರು. ಅವಳಿಗೂ ಅದನ್ನು ತಿದ್ದುವ ಮನಸ್ಸಾಗಿರಲಿಲ್ಲ.

ಎಂಜಿನಿಯರ್ ಆದೇಶದ ಪ್ರತಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟ. ಎಲ್ಲರೂ ಫೋಟೋಕ್ಕೆ ಜಾಗ ಹುಡುಕುತ್ತಿರುವಾಗ ಅವಳು ಹಾಳೆ ತಿರುಗಿಸಿದಳು. ಕೊನೆಯಲ್ಲಿ ಹನ್ನೆರಡು ತಿಂಗಳ ಪಟ್ಟಿಯಿತ್ತು. ಮೊದಲ ಕಾಲಮ್ಮಿನಲ್ಲಿ ‘ದಾಟಿದ ಸೈಕಲ್‌ಗಳು’. ಅದರಲ್ಲಿ ಎಲ್ಲೂ ಇಪ್ಪತ್ತಕ್ಕೆ ಕಡಿಮೆಯಿರಲಿಲ್ಲ. ಎಂಜಿನಿಯರ್ ಅದರ ಪಕ್ಕದಲ್ಲಿ ಪ್ರತಿ ತಿಂಗಳಿಗೂ ಸರಿ ಗುರುತು ಹಾಕಿದ್ದ. ಅದರಾಚೆ, ಯಾರೂ ನೋಡದ ‘ಷರಾ’ ಎಂಬ ಕಾಲಮ್ಮಿನಲ್ಲಿ, ಪೇದೆಯ ಗುಂಡು ಅಕ್ಷರಗಳು. ಸವಾರರು: ಇಪ್ಪತ್ತಾರು. ಸವಾರರು: ಇಪ್ಪತ್ತೆರಡು. ಕೆಳಗಿಳಿದಂತೆ ಹದಿನೇಳು, ಹನ್ನೊಂದು, ಆರು, ಮೂರು, ಎರಡು. ಆಮೇಲೆ ನಾಲ್ಕು ಸಲ ಒಂದೇ ಮಾತು. ಸವಾರರು: ಒಬ್ಬರೇ. ಒಬ್ಬರೇ. ಒಬ್ಬರೇ. ಒಬ್ಬರೇ. ಕೆಳಗೆ ಸರ್ಕಾರದ ಮೊಹರು.

ತಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಅನುಭವಿಸುತ್ತಿದ್ದುದನ್ನು ಯಾರೋ ಕಚೇರಿಯ ಗೋಡೆಗೆ ಅಂಟಿಸಿದ ಹಾಗಾಯಿತು. ನೇರ ಪೇದೆಯ ಬಳಿ ಹೋದಳು.

“ಇದನ್ಯಾಕೆ ಬರೆದ್ರಿ? ನಿಮ್ಮನ್ನ ಕೇಳಿದ್ದು ಸೈಕಲ್ ಲೆಕ್ಕ ತಾನೆ? ಎಂಜಿನಿಯರ್ ಓದಿದ್ರೆ ಓಣಿಯೇ ಹೋಗ್ತಿತ್ತು!”

“ಅವರು ಷರಾ ಓದಲ್ಲ ಅಕ್ಕಾ. ಇಪ್ಪತ್ತು ವರ್ಷದಿಂದ ಬರೀತಿದೀನಿ, ಯಾರೂ ಓದಿಲ್ಲ.”

“ಹಾಗಿದ್ರೆ ಯಾಕೆ ಬರೀಬೇಕಿತ್ತು?”

ಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡ. “ನಾಳೆ ಯಾರಾದ್ರೂ ಈ ದಾರಿ ತಂದೋರು ಎಷ್ಟು ಜನ ಅಂತ ಕೇಳಿದ್ರೆ, ಎಲ್ಲಾದ್ರೂ ಒಂದು ಕಡೆ ನಿಜ ಇರ್ಲಿ ಅಂತ.”

ಅವಳು ಹಾಳೆಗಳನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿದಳು. ಹಿಂದಿನಿಂದ ಅಧ್ಯಕ್ಷರು, “ಕಾರ್ಯದರ್ಶಿಗಳೇ, ಬನ್ನಿ, ಬನ್ನಿ” ಎಂದು ಫೋಟೋಕ್ಕೆ ಕರೆಯುತ್ತಿದ್ದರು.

“ಇನ್ನು ಎಣಿಸೋದು ಇಲ್ವಾ?” ಎಂದು ಕೇಳಿದಳು.

“ಕಾಯಂ ಆಯ್ತಲ್ಲ ಅಕ್ಕಾ, ಇನ್ನೇನು ಎಣಿಸೋದು. ನಂಗೆ ಸೋಮವಾರದಿಂದ ಕೋರ್ಟ್ ಡ್ಯೂಟಿ.” ಅವನು ಟೋಪಿ ಹಾಕಿಕೊಂಡ. “ಇನ್ನು ಶನಿವಾರ ಆರಾಮಾಗಿ ಮಲ್ಕೊಳ್ಳಿ.”

ಮುಂದಿನ ಎರಡನೇ ಶನಿವಾರ ಅವಳು ಮಲಗಲಿಲ್ಲ. ಏಳಕ್ಕೆ ಸೇತುವೆಯ ಬಳಿ ಇದ್ದಳು. ಓಣಿ ಖಾಲಿಯಾಗಿ, ಚೊಕ್ಕಟವಾಗಿ, ನೇರವಾಗಿ ಬಿದ್ದಿತ್ತು. ಹಿಂದೆ ಬಸ್ಸಿನ ಹಾರ್ನ್ ಇಲ್ಲ, ಅಂಚಿನಲ್ಲಿ ಜಾಲರಿ ಇಲ್ಲ. ಮೂರು ವರ್ಷ ಬೇಡಿದ ದಾರಿಯಲ್ಲಿ ನಿಧಾನವಾಗಿ ತುಳಿದು ತುದಿಗೆ ಬಂದಳು. ಅವನು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಒಂದು ಕಾಲು ನೆಲಕ್ಕೂರಿ ಸ್ವಲ್ಪ ಹೊತ್ತು ನಿಂತಳು. ಗೆದ್ದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಆಮೇಲೆ ಕೆಳಗಿಳಿದು, ಅಂಡರ್‌ಪಾಸ್ ಹಾದು, ಎರಡನೇ ಸುತ್ತು ಹಾಕಿದಳು.